ಗುರುವಾರ ಮಾತಾಡುತ್ತೇನೆ

ರೇಡಿಯೋ ರಾಯರು ಜನ್ಮದಲ್ಲಿ ಒಂದು ದಿನವೂ ರೇಡಿಯೋದಲ್ಲಿ ಮಾತಾಡಿದವರಲ್ಲ. ಆದರೂ ಆ ಮೂರು ಮಹಡಿಯ ಕಟ್ಟಡದಲ್ಲಿ ಅವರಿಗೆ ಅದೇ ಹೆಸರು. ಮನೆಯಲ್ಲೇ ಕೂತು ಜಾಹೀರಾತಿಗೆ, ಪಾಠದ ವೀಡಿಯೋಗೆ, ಲಿಫ್ಟಿಗೆ, ಆಸ್ಪತ್ರೆಯ ಫೋನಿಗೆ ದನಿ ಕೊಡುವುದು, ಕೊಟ್ಟ ದನಿಯನ್ನು ತಾವೇ ಕತ್ತರಿಸಿ, ಒಪ್ಪ ಮಾಡಿ ಕಳಿಸುವುದು ಅವರ ಉದ್ಯೋಗ. "ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ" ಎಂದು ಊರಿನ ಅರ್ಧ ಜನರನ್ನು ಕಾಯಿಸಿದ ಪುಣ್ಯಾತ್ಮರು ಅವರೇ. ಇಷ್ಟೆಲ್ಲ ಬಿಡಿಸಿ ಹೇಳುವ ತಾಳ್ಮೆ ಯಾರಿಗಿದೆ? ರೇಡಿಯೋ ಅಂದರೆ ಮುಗಿಯಿತು.

ಅವರ ಸ್ಟುಡಿಯೋ ಎಂದರೆ ಚಿಕ್ಕ ಕೋಣೆಯ ಗೋಡೆಬೀರು. ಅಡ್ಡ ಹಲಗೆಗಳನ್ನು ಕಿತ್ತು, ಸುತ್ತ ಹಳೆಯ ಕಂಬಳಿಗಳನ್ನು ಇಳಿಬಿಟ್ಟು, ಒಳಗೆ ಒಂದು ಸ್ಟೂಲು, ಒಂದು ಮೈಕು, ಒಂದು ಪುಟ್ಟ ದೀಪ ಇಟ್ಟುಕೊಂಡಿದ್ದರು. ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡರೆ ಮೈತುಂಬ ಬೆವರು, ಮನಸ್ಸಿನ ತುಂಬ ನೆಮ್ಮದಿ. ಹೋಗುವ ಮುಂಚೆ ಮಾಡಬೇಕಾದ ಕೆಲವು ಶಾಸ್ತ್ರಗಳಿದ್ದವು. ಫ್ಯಾನು ಆರಿಸಬೇಕು. ಗೋಡೆ ಗಡಿಯಾರವನ್ನು ಇಳಿಸಿ ದಿಂಬಿನ ಕೆಳಗೆ ಮಲಗಿಸಬೇಕು. ಫ್ರಿಜ್ ಆರಿಸಿ, ಮತ್ತೆ ಹಾಕಲು ಮರೆಯಬಾರದೆಂದು ಮನೆಯ ಬೀಗದ ಕೈಯನ್ನು ಅದರೊಳಗೇ ಇಡಬೇಕು. ಮಾತಾಡುವಾಗ ನಾಲಿಗೆ ಚಪ್‌ಚಪ್ ಎನ್ನದಿರಲಿ ಎಂದು ಹುಳಿ ಸೇಬಿನ ಒಂದು ಹೋಳು ತಿನ್ನಬೇಕು. ಇಷ್ಟೂ ಆದ ಮೇಲೆ ಜಗತ್ತಿನಲ್ಲಿ ಎರಡೇ ಸದ್ದು ಉಳಿಯುತ್ತಿದ್ದವು. ಒಂದು ರಾಯರದು, ಇನ್ನೊಂದು ಮೇಲಿನ ಮನೆಯ ಡ್ರಿಲ್ಲಿನದು.

ಮೇಲಿನ ಮನೆ ಕಟ್ಟಡದ ಸಂಘದ ಅಧ್ಯಕ್ಷರದು. ಒಂದು ತಿಂಗಳಿಂದ ಅವರು ಬಚ್ಚಲುಮನೆಯನ್ನು ಹೊಸದು ಮಾಡಿಸುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಸಂಜೆ ಐದರವರೆಗೆ ರಾಯರ ನೆತ್ತಿಯ ಮೇಲೇ ಡ್ರಿಲ್ಲು. ರಾಯರು ಸುಮ್ಮನಿದ್ದರು ಅಂತಲ್ಲ. ಅಧ್ಯಕ್ಷರಿಗೆ ನಾಲ್ಕು ಪ್ಯಾರಾದ ಒಂದು ಖಡಕ್ ಪತ್ರ ಬರೆದರು. ಅದು ಸರಿಯಾಗಿ ತಾಕುತ್ತದೋ ಇಲ್ಲವೋ ನೋಡೋಣ ಎಂದು ಮೈಕಿನ ಮುಂದೆ ಕೋಪದಿಂದ ಒಮ್ಮೆ, ವಿನಯದಿಂದ ಒಮ್ಮೆ, ಮನಸ್ಸು ನೊಂದವರಂತೆ ಒಮ್ಮೆ ಓದಿ ರೆಕಾರ್ಡ್ ಮಾಡಿದರು. ಮೂರನೆಯದು ತುಂಬ ಚೆನ್ನಾಗಿ ಬಂತು. ಅದನ್ನು ನಾಲ್ಕು ಸಲ ಕೇಳಿದರು, ಕಣ್ಣು ಒದ್ದೆಯಾಯಿತು. ಅಷ್ಟು ಚೆನ್ನಾಗಿ ಬಂದದ್ದೇ ಸಾಕೆನಿಸಿ ಪತ್ರ ಕಳಿಸುವುದನ್ನು ಮರೆತುಬಿಟ್ಟರು.

ಇಂಥ ಹೊತ್ತಿನಲ್ಲೇ ಅವರಿಗೆ ಜೀವಮಾನದ ದೊಡ್ಡ ಕೆಲಸ ಬಂತು. ಊರಿನ ಹೊಸ ಬಸ್ಸುಗಳಲ್ಲಿ ನಿಲ್ದಾಣದ ಹೆಸರು ಹೇಳುವ ದನಿ! ಒಟ್ಟು ಇನ್ನೂರ ಎಂಬತ್ತಾರು ನಿಲ್ದಾಣ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ರಾಯರು ಬೀರುವಿನಲ್ಲಿ ಕೂತು ಓದಬೇಕು, ಬಸ್ಸಿನವರು ನೇಮಿಸಿದ ನಿರ್ದೇಶಕಿ ತಮ್ಮ ಕಚೇರಿಯಿಂದಲೇ ಹೆಡ್‌ಫೋನಿನಲ್ಲಿ ಕೇಳಿ ಒಪ್ಪಬೇಕು. ಗುರುವಾರ ಆಗದಿದ್ದರೆ ಕಂಪ್ಯೂಟರಿನಿಂದ ಮಾಡಿದ ದನಿಯನ್ನೇ ಹಾಕುತ್ತೇವೆ ಎಂದು ಆಕೆ ನಯವಾಗಿಯೇ ತಿಳಿಸಿದ್ದರು.

ಆದರೆ ಅದಕ್ಕೂ ಮುಂಚೆ ಒಂದು ಭಾನುವಾರ ಬರುವುದಿತ್ತು. ಆ ಭಾನುವಾರ ರಾಯರು ಜಿರಳೆ ಔಷಧದ ಜಾಹೀರಾತೊಂದಕ್ಕೆ ದನಿ ಕೊಟ್ಟರು. ಅವರದು ಜಿರಳೆಯ ಪಾತ್ರ. ಔಷಧ ಬಿದ್ದ ಕೂಡಲೇ ಚೀರಿ ಸಾಯಬೇಕು, ಅಷ್ಟೇ. ಔಷಧದ ಕಂಪನಿಯವನು ಪ್ರತಿ ಸಲವೂ, "ಸೂಪರ್ ಸಾರ್, ಇನ್ನೂ ಸ್ವಲ್ಪ ನೋವು ಬೇಕು" ಎನ್ನುತ್ತಿದ್ದ. ರಾಯರು ಮೂವತ್ತೇಳು ಸಲ ಸತ್ತರು. ಕೊನೆಗೆ ಅವನು ಒಪ್ಪಿಕೊಂಡಿದ್ದು ಎರಡನೆಯ ಸಾವನ್ನು. ಸೋಮವಾರ ಬೆಳಿಗ್ಗೆ ಎದ್ದು "ಕಾಫಿ" ಎನ್ನಲು ಹೋದರೆ ಗಂಟಲಿನಿಂದ ಬರೀ ಗಾಳಿ ಬಂತು.

ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, "ಇವತ್ತಿಂದ ಮೂರು ದಿನ ಒಂದಕ್ಷರ ಮಾತಾಡಬಾರದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಗುರುವಾರ ಬೆಳಿಗ್ಗೆ ಬಾಯಿ ಬಿಡಿ, ಸರಿ ಹೋಗಿರುತ್ತೆ" ಎಂದರು.

"ಸರಿ, ಒಂದು ಚೀಟೀಲಿ 'ಗಂಟಲು ನೋವು' ಅಂತ ಬರೆದು ಜೇಬಿನಲ್ಲಿ ಇಟ್ಕೊಳ್ಳಿ. ಯಾರಾದರೂ ಮಾತಾಡಿಸಿದ್ರೆ ತೋರಿಸಿ" ಎಂದು ಹೆಂಡತಿ ಸಲಹೆ ಕೊಟ್ಟಳು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಇನ್ನೂರು ಜನರನ್ನು ಕಂಡು ಕಂಡು ಮಾತು ಕಮ್ಮಿ ಮಾಡಿಕೊಂಡವಳು.

ರಾಯರಿಗೆ ಅದು ರುಚಿಸಲಿಲ್ಲ. ಗಂಟಲು ನೋವು ಬರುವುದು ಶಾಲೆ ತಪ್ಪಿಸುವ ಮಕ್ಕಳಿಗೆ. ಕಲಾವಿದನಾದವನು ಗಂಟಲು ನೋವೆಂದು ಚೀಟಿ ಹಿಡಿದು ತಿರುಗುವುದೇ? ಬಿಳಿ ರಟ್ಟೊಂದನ್ನು ಕತ್ತರಿಸಿ, ದಪ್ಪ ಕಪ್ಪು ಮಸಿಯಲ್ಲಿ ದುಂಡಗೆ ಬರೆದು, ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು. "ಮೌನ. ಗುರುವಾರ ಮಾತಾಡುತ್ತೇನೆ." ಕನ್ನಡಿಯಲ್ಲಿ ನೋಡಿಕೊಂಡರು. ಪರವಾಗಿಲ್ಲ, ಒಂದು ತೂಕ ಇತ್ತು.

ಇನ್ನು ಮಾವನವರ ವಿಷಯ. ಹೆಂಡತಿಯ ತಂದೆ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು ಬಂದು ಹದಿನೈದು ದಿನದಿಂದ ಮನೆಯಲ್ಲಿದ್ದರು. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು, ಅದರಲ್ಲಿ ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಮುಂದಾಳು. ನಾಲ್ಕು ಮುಷ್ಕರ, ಎರಡು ಬೀಗಮುದ್ರೆ, ಒಂದು ಲಾಠಿ ಏಟು ಅವರ ಆಸ್ತಿ. ಅಂಥವರಿಗೆ ಅಳಿಯನ ಉದ್ಯೋಗ ಏನೆಂದು ಹನ್ನೊಂದು ವರ್ಷದಿಂದ ತಲೆಗೆ ಹತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಬೀರು ಒಳಗೆ ಕೂತಿರ್ತಾರೆ" ಎಂದು ಮಾತು ಬದಲಿಸುತ್ತಿದ್ದರು. ರಾಯರು ಒಳ್ಳೆಯ ಭರದಲ್ಲಿ ಓದುತ್ತಿರುವಾಗ ದಡಾರನೆ ಬೀರು ತೆರೆದು, "ಹೇಗಿದ್ರೂ ಸುಮ್ನೆ ಕೂತಿದ್ದೀರಲ್ಲ ಅಳಿಯಂದಿರೇ, ಸ್ವಲ್ಪ ಅಂಗಡಿಗೆ ಹೋಗಿ ಬ್ಲೇಡು ತಂದುಬಿಡಿ" ಎನ್ನುತ್ತಿದ್ದರು. ರಾಯರು ಹೋಗಿ ತರುತ್ತಿದ್ದರು. ಈ ಮನುಷ್ಯ ಒಂದೇ ಒಂದು ಸಲ ತನ್ನನ್ನು ಲೆಕ್ಕಕ್ಕೆ ಇಟ್ಟುಕೊಂಡರೆ ಸಾಕಿತ್ತು ಎಂದು ಅವರಿಗೆ ಎಷ್ಟೋ ಸಲ ಅನಿಸಿದ್ದಿದೆ.

ಮಂಗಳವಾರ ಬೆಳಿಗ್ಗೆ ರಾಯರು ಪೇಪರ್ ತರಲು ಕೆಳಗಿಳಿದರು. ಕೊರಳಲ್ಲಿ ರಟ್ಟು. ನೆಲಮಹಡಿಯ ನಿವೃತ್ತ ಹೆಡ್‌ಮೇಡಂ ಬಾಗಿಲಲ್ಲೇ ನಿಂತಿದ್ದರು. ಕನ್ನಡಕ ಏರಿಸಿ ರಟ್ಟನ್ನು ಜೋರಾಗಿ ಎರಡು ಸಲ ಓದಿದರು, ಕಾಗುಣಿತ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡರು. ಸರಿಯಾಗಿ ಅದೇ ಗಳಿಗೆಗೆ ಮೇಲೆ ಡ್ರಿಲ್ಲು ಶುರುವಾಯಿತು. ರಾಯರು ಅಭ್ಯಾಸಬಲದಿಂದ ತಲೆ ಎತ್ತಿ ನೋಡಿ, ನೋವಿನಿಂದ ಕಣ್ಣು ಮುಚ್ಚಿಕೊಂಡರು. ಹೆಡ್‌ಮೇಡಂಗೆ ಎಲ್ಲ ಹೊಳೆದುಹೋಯಿತು.

"ಹೇಳಬೇಡಿ, ಅರ್ಥ ಆಯ್ತು. ಒಂದು ತಿಂಗಳಿಂದ ನಾನೂ ಹಲ್ಲು ಕಚ್ಚಿಕೊಂಡಿದ್ದೀನಿ. ಆ ಅಧ್ಯಕ್ಷರಿಗೆ ಎದುರು ನಿಲ್ಲೋ ಗಂಡೆದೆ ಈ ಕಟ್ಟಡದಲ್ಲಿ ಯಾರಿಗೂ ಇಲ್ಲ ಅಂದ್ಕೊಂಡಿದ್ದೆ. ಮೌನ ಧರಣಿ! ಭಲೇ!"

ರಾಯರು ಗಾಬರಿಯಿಂದ ಎರಡೂ ಕೈ ಆಡಿಸಿದರು. ಅಲ್ಲ ಅಲ್ಲ, ಗಂಟಲು ಎನ್ನುವ ಅರ್ಥದಲ್ಲಿ ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದರು.

"ಅಯ್ಯೋ ದೇವರೇ! ಕತ್ತು ಕೊಯ್ದರೂ ಹಿಂದೆ ಸರಿಯಲ್ಲ ಅಂತೀರಾ?" ಎಂದು ಹೆಡ್‌ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಷ್ಟು ದೂರ ಹೋಗೋದು ಬೇಡಪ್ಪ. ಗುರುವಾರದವರೆಗೆ ಗಡುವು ಕೊಟ್ಟಿದ್ದೀರಲ್ಲ, ಅಷ್ಟರಲ್ಲಿ ದಾರಿಗೆ ಬರ್ತಾರೆ."

ರಾಯರು ಪೇಪರ್ ಹಿಡಿದು ಎರಡು ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮೂರು ಮಹಡಿ ಹತ್ತಿತ್ತು. ಬಾಗಿಲಲ್ಲಿ ಮಾವನವರು ನಿಂತಿದ್ದರು. ಅವರ ಮುಖ ರಾಯರು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಾಣದ ರೀತಿಯಲ್ಲಿ ಅರಳಿತ್ತು.

"ಅಳಿಯಂದಿರೇ! ನನಗೊಂದು ಮಾತು ಹೇಳಲಿಲ್ಲವಲ್ಲ ನೀವು!"

ರಾಯರು ಅವಸರದಲ್ಲಿ ಒಂದು ಹಾಳೆ ಎಳೆದು, "ಧರಣಿ ಅಲ್ಲ ಮಾವ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ" ಎಂದು ಬರೆದು ಕೊಟ್ಟರು. ಮಾವ ಓದಿದರು. ಕಣ್ಣು ಮಿಟುಕಿಸಿದರು. ಹಾಳೆಯನ್ನು ನಾಲ್ಕಾಗಿ, ಎಂಟಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು.

"ಬರಹದಲ್ಲಿ ಏನೂ ಕೊಡಬೇಡಿ. ನಾಳೆ ಅದೇ ಸಾಕ್ಷಿ ಆಗುತ್ತೆ. ಅನುಭವ ಇರೋನು ಹೇಳ್ತಾ ಇದ್ದೀನಿ."

ಅಷ್ಟಕ್ಕೇ ಬಿಡದೆ ಮಗಳಿಗೆ ಫೋನು ಹಚ್ಚಿದರು. ಆಕೆ ಅಂಚೆ ಕಚೇರಿಯಿಂದ, "ಅಪ್ಪಾ, ಅವರಿಗೆ ಗಂಟಲು ನೋವು, ಅಷ್ಟೇ. ನೀವು ಸುಮ್ನಿರಿ" ಎಂದಳು.

"ಶಭಾಷ್ ಮಗಳೇ! ಯಾರು ಕೇಳಿದ್ರೂ ಹಾಗೇ ಹೇಳ್ತಾ ಇರು. ಮುಷ್ಕರದ ಕಾಲದಲ್ಲಿ ನಾನು ತಲೆ ಮರೆಸಿಕೊಂಡಾಗ ನಿಮ್ಮಮ್ಮ ಪೊಲೀಸರ ಹತ್ರ ನನಗೆ ಮಂಗನಬಾವು ಅಂದಿದ್ಲು."

ಸತ್ಯವನ್ನು ಒಂದು ಸನ್ನೆಯಿಂದ, ಒಂದು ಹಾಳೆಯಿಂದ, ಒಂದು ಬಾಯಿಂದ ಹೇಳಿಯಾಗಿತ್ತು. ನಂಬುವವರು ಇರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಒಬ್ಬ ಮನುಷ್ಯ ಏನು ಮಾಡಿಯಾನು ಎಂದು ರಾಯರು ತಮ್ಮನ್ನು ತಾವೇ ಕೇಳಿಕೊಂಡರು. ಇನ್ನೊಂದು ಹಾಳೆ ಬರೆಯಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. ಆದರೆ ಅಷ್ಟರಲ್ಲಿ ಮಾವನವರು ಅಡುಗೆಮನೆಗೆ ಹೋಗಿ, ಸ್ವಂತ ಕೈಯಿಂದ ಒಂದು ಲೋಟ ಬಿಸಿನೀರು ತಂದು ಅಳಿಯನ ಮುಂದೆ ಇಟ್ಟು, "ಕುಡೀರಿ. ಮೈ ಹುಷಾರಾಗಿರಬೇಕು" ಎಂದರು. ರಾಯರು ನೀರು ಕುಡಿದರು. ಪೆನ್ನಿನ ಮುಚ್ಚಳ ಹಾಕಿದರು.

ಮಧ್ಯಾಹ್ನ ಮಾವನವರು ಹೆಡ್‌ಮೇಡಂ ಮತ್ತು ಇನ್ನು ಐದಾರು ಜನರನ್ನು ಕಟ್ಟಿಕೊಂಡು ಮೂರನೆಯ ಮಹಡಿ ಹತ್ತಿದರು. ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದ ರಾಯರನ್ನು ರಟ್ಟಿನ ಸಮೇತ ಮುಂದೆ ನಿಲ್ಲಿಸಿಕೊಂಡರು. ಬಾಗಿಲು ತೆರೆದ ಅಧ್ಯಕ್ಷರು ಮೊದಲು ನಕ್ಕರು. ರಾಯರು ಉತ್ತರ ಕೊಡಲಿಲ್ಲ. ಅಧ್ಯಕ್ಷರು ರೇಗಿದರು. ರಾಯರು ಉತ್ತರ ಕೊಡಲಿಲ್ಲ. "ಏನಾದ್ರೂ ಹೇಳಿ ಸ್ವಾಮಿ, ಮನುಷ್ಯರ ಥರ ಮಾತಾಡಿ" ಎಂದು ಬೇಡಿಕೊಂಡರು. ರಾಯರು ರಟ್ಟನ್ನು ತೋರಿಸಿದರು. ಬೈಯುವವರನ್ನು ಎದುರಿಸುವುದು ಅಧ್ಯಕ್ಷರಿಗೆ ನೀರು ಕುಡಿದಷ್ಟು ಸುಲಭ. ಮುಂದಿನ ತಿಂಗಳು ಸಂಘದ ಚುನಾವಣೆ ಇಟ್ಟುಕೊಂಡು, ಮಾತೇ ಆಡದೆ ಬಾಗಿಲಲ್ಲಿ ನಿಲ್ಲುವ ಮನುಷ್ಯನನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಒಳಗೆ ತಿರುಗಿ, "ಏ ಮೇಸ್ತ್ರಿ, ನಿಲ್ಲಿಸಪ್ಪ. ಇವರು ಗುರುವಾರ ಅದೇನು ಹೇಳ್ತಾರೋ ಹೇಳಲಿ, ಆಮೇಲೆ ನೋಡೋಣ" ಎಂದರು. ಡ್ರಿಲ್ಲಿನ ಮೇಸ್ತ್ರಿ ಮೈಯ ಧೂಳು ಕೊಡವಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ.

ಮಾವನವರು ಅಳಿಯನ ಹೆಗಲ ಮೇಲೆ ಕೈ ಹಾಕಿ ಕೆಳಗಿಳಿಸಿಕೊಂಡು ಬಂದರು. "ಗಿರಣಿಯಲ್ಲಿ ನಾವು ನಲವತ್ತು ದಿನ ಕೂಗಿದ್ವಿ. ನೀವು ಅರ್ಧ ದಿನ ಸುಮ್ಮನಿದ್ದು ಮೆಷಿನ್ ನಿಲ್ಲಿಸಿದ್ರಿ!" ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು. ರಾಯರಿಗೆ ಅದನ್ನು ಹೆಗಲಿನಿಂದ ಇಳಿಸಲು ಮನಸ್ಸು ಬರಲಿಲ್ಲ. ಒಟ್ಟಿನಲ್ಲಿ ಯಾರಿಗೇನು ನಷ್ಟ? ಡ್ರಿಲ್ಲು ನಿಂತಿತು, ಗಂಟಲಿಗೆ ವಿಶ್ರಾಂತಿ ಸಿಕ್ಕಿತು, ಮಾವನಿಗೆ ಸಂತೋಷವಾಯಿತು. ಗುರುವಾರ ಹನ್ನೊಂದಕ್ಕೆ ಬೀರು ಹೊಕ್ಕು ಇನ್ನೂರ ಎಂಬತ್ತಾರು ಹೆಸರು ಓದಿದರೆ ಎಲ್ಲ ಸುಖಾಂತ್ಯ ಎಂದುಕೊಂಡು ರಾಯರು ಆ ದಿನ ತೃಪ್ತಿಯಿಂದ ಎರಡು ತುತ್ತು ಜಾಸ್ತಿ ಉಂಡರು.

ಬುಧವಾರ ನಗರಸಭೆಯಿಂದ ಒಬ್ಬ ಗುಮಾಸ್ತರು ಬಂದರು. ಅವರ ಕಂಕುಳಲ್ಲಿ ಫೈಲು, ಫೈಲಿನಲ್ಲಿ ಒಂದು ನಮೂನೆ. ಧರಣಿ ನಡೆದ ಕಡೆ ಅದನ್ನು ತುಂಬಿಸಿಕೊಂಡು ಹೋಗುವುದು ಅವರ ಕರ್ತವ್ಯ. ಅಂಗಳದಲ್ಲಿ ಹೆಡ್‌ಮೇಡಂ ಹಾಕಿಸಿದ್ದ ಕುರ್ಚಿಗಳಲ್ಲಿ ಆಗಲೇ ಹದಿನೈದು ಜನ ಮೌನವಾಗಿ ಕೂತಿದ್ದರು. ಮೌನ ಎಂದರೆ, ಹತ್ತು ನಿಮಿಷಕ್ಕೊಮ್ಮೆ ಮಾತಾಡುತ್ತಿದ್ದರು.

"ಧರಣಿಯ ಸ್ಥಳ? ಅಂಗಳ. ಧರಣಿದಾರರ ಉದ್ಯೋಗ?" ಗುಮಾಸ್ತರು ರಾಯರ ಕಡೆ ನೋಡಿದರು.

ರಾಯರು ಬಾಯಿಯ ಮುಂದೆ ಮುಷ್ಟಿ ಹಿಡಿದು ಮೈಕಿನ ಸನ್ನೆ ಮಾಡಿದರು.

"ಗಾಯಕರು" ಎಂದು ಗುಮಾಸ್ತರು ಬರೆದುಕೊಂಡರು. "ಸರಿ. ಘೋಷಣೆ ಏನು?"

"ಮೌನ ಧರಣಿ ಕಣ್ರೀ. ಘೋಷಣೆ ಎಲ್ಲಿಂದ ಬರುತ್ತೆ?" ಎಂದರು ಹೆಡ್‌ಮೇಡಂ.

"ಮೇಡಂ, ಏಳನೇ ಕಲಂ ಖಾಲಿ ಬಿಡೋ ಹಾಗಿಲ್ಲ. ಘೋಷಣೆ ಇಲ್ಲ ಅಂದ್ರೆ ಇದು ಧರಣಿ ಆಗಲ್ಲ, ಸುಮ್ನೆ ಕೂತಿದ್ದಾರೆ ಅಂತ ಆಗುತ್ತೆ."

ಸುಮ್ನೆ ಕೂತಿದ್ದಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವನವರಿಗೆ ಮೈ ಉರಿದುಹೋಯಿತು. "ಯಾರ್ರೀ ಸುಮ್ನೆ ಕೂತಿರೋರು? ಬರ್ಕೊಳ್ಳಿ. ಮೌನಕ್ಕೆ ಜಯವಾಗಲಿ!" ಎಂದು ಗಿರಣಿಯ ಗೇಟಿನಲ್ಲಿ ಕೂಗುತ್ತಿದ್ದ ಗಂಟಲಿನಲ್ಲೇ ಕೂಗಿದರು. ಎರಡು ದಿನದಿಂದ ಬಾಯಿ ಕಟ್ಟಿಕೊಂಡು ಬೇಸತ್ತಿದ್ದ ಹದಿನೈದು ಜನಕ್ಕೆ ಜೀವ ಬಂತು. "ಮೌನಕ್ಕೆ ಜಯವಾಗಲಿ!" ಎಂದು ಕಟ್ಟಡ ಅದುರುವಂತೆ ಕೂಗಿದರು. ಏನು ಗಲಾಟೆ ನೋಡೋಣವೆಂದು ಪಕ್ಕದ ಕಟ್ಟಡದವರೂ ಬಂದರು. ಅವರಿಗೆ ಡ್ರಿಲ್ಲಿನ ಗೋಳಿರಲಿಲ್ಲ, ನೀರಿನ ಗೋಳಿತ್ತು. ಅದನ್ನೂ ಸೇರಿಸಿಕೊಂಡರು. ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲಿದ್ದ ಡ್ರಿಲ್ಲಿನ ಮೇಸ್ತ್ರಿ ಕಿವಿಗೆ ಹತ್ತಿ ಇಟ್ಟುಕೊಂಡ.

ರಾಯರು ಮನೆಗೆ ಬಂದು, ಬೀರುವಿನಲ್ಲಿ ಕೂತು, ಮೈಕು ಹಾಕಿ ನೋಡಿದರು. ಕಂಬಳಿಗಳನ್ನು ದಾಟಿ, ಮುಚ್ಚಿದ ಬಾಗಿಲನ್ನು ದಾಟಿ ಮೌನಕ್ಕೆ ಜಯವಾಗುತ್ತಲೇ ಇತ್ತು. ಡ್ರಿಲ್ಲಾದರೂ ನಡುನಡುವೆ ಉಸಿರು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಫೋನು ಮಿಣುಕಿತು. ನಿರ್ದೇಶಕಿಯ ಸಂದೇಶ. "ನಾಳೆ ಹನ್ನೊಂದಕ್ಕೆ ಸರಿಯಾಗಿ ಶುರು ಮಾಡೋಣ ಸಾರ್. ನಾಳೆ ಬಿಟ್ಟರೆ ದಿನ ಇಲ್ಲ, ಕಂಪ್ಯೂಟರ್ ದನಿ ಸಿದ್ಧ ಇದೆ."

ರಾಯರು ಬೀರುವಿನಿಂದ ಹೊರಗೆ ಬಂದರು. ಹಾಳೆ ತೆಗೆದು ಮಾವನವರಿಗೆ, "ನಾಳೆ ಹನ್ನೊಂದಕ್ಕೆ ನನಗೆ ರೆಕಾರ್ಡಿಂಗ್" ಎಂದು ಬರೆದು ತೋರಿಸಿದರು.

"ಗೊತ್ತು ಗೊತ್ತು" ಎಂದರು ಮಾವ ಸಡಗರದಿಂದ. "ಅದಕ್ಕೂ ಜನ ಗೊತ್ತು ಮಾಡಿದ್ದೀನಿ. ಹತ್ತೂವರೆಗೆ ನಿಮ್ಮ ಭಾಷಣ. ಹನ್ನೊಂದಕ್ಕೆ ಮೆರವಣಿಗೆ, ನೀವೇ ಮುಂದೆ. ನಗರಸಭೆವರೆಗೆ ಪೂರ್ತಿ ವೀಡಿಯೋ ತೆಗೀತಾರೆ."

ಹೆಂಡತಿ ಸಂಜೆ ಬಂದು ಎಲ್ಲ ಕೇಳಿದಳು, ಹಾಳೆಗಳನ್ನೂ ಓದಿದಳು. ಕೊನೆಗೆ, "ರೀ, ನಾನು ಹೇಳೋದು ಹೇಳಾಯ್ತು. ನಾಳೆಗೆ ನಿಮಗೆ ಬಾಯಿ ಬರುತ್ತೆ. ನೀವೇ ಹೇಳಿ" ಎಂದು ಮಲಗಿಬಿಟ್ಟಳು.

ಗುರುವಾರ ಹತ್ತೂವರೆಗೆ ಅಂಗಳದಲ್ಲಿ ಅರವತ್ತು ಜನ. ಬಾಡಿಗೆಯ ಲೌಡ್‌ಸ್ಪೀಕರ್ ಬಂದಿತ್ತು. ಅಧ್ಯಕ್ಷರು ಕೈಯಲ್ಲಿ ಒಂದು ಒಪ್ಪಂದ ಪತ್ರ ಹಿಡಿದು, ಹೇಗಾದರೂ ಸರಿ ತಲೆನೋವು ಕಳೆದರೆ ಸಾಕೆಂದು ನಿಂತಿದ್ದರು. ಗುಮಾಸ್ತರು ಫೈಲು ಬಿಚ್ಚಿದ್ದರು. ಮಾವನವರು ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು, ಎರಡು ಕೋಲುಗಳಿಗೆ ಬಟ್ಟೆಯ ಫಲಕ ಕಟ್ಟಿಸಿಕೊಂಡು ಅಳಿಯನ ಪಕ್ಕದಲ್ಲಿ ಎದೆ ಸೆಟೆದು ನಿಂತಿದ್ದರು. ಮೈಕು ಹಾಕಿದ್ದೇ ತಡ, ಅದು ಕುಂಯ್ಯೋ ಎಂದು ಕೂಗಿಕೊಂಡಿತು. ರಾಯರಿಗೆ ಅದನ್ನು ಸಹಿಸುವುದು ಹುಟ್ಟುಗುಣದಲ್ಲೇ ಇಲ್ಲ. ಅವರು ಸಾವಕಾಶವಾಗಿ ನಡೆದುಹೋಗಿ, ಸ್ಪೀಕರನ್ನು ಜನರ ಕಡೆ ತಿರುಗಿಸಿ, ಒಂದು ತಿರುಪನ್ನು ಅರ್ಧ ಸುತ್ತು ತಗ್ಗಿಸಿ ಬಂದರು. "ಎಷ್ಟು ಸಮಾಧಾನ ನೋಡಿ!" ಎಂದು ಹೆಡ್‌ಮೇಡಂ ಪಕ್ಕದವರ ಕೈ ಹಿಡಿದರು.

ರಾಯರು ಕೊರಳಿನ ರಟ್ಟು ತೆಗೆದರು. ಮಾವನವರ ಮುಖ ನೋಡಿದರು. ಗಡಿಯಾರ ನೋಡಿದರು. ಹತ್ತು ನಲವತ್ತು. ಮೆರವಣಿಗೆಯ ಮುಂದೆ ನಡೆದರೆ ಮಾವ ಸಿಗುತ್ತಾರೆ, ಬಸ್ಸು ಹೋಗುತ್ತದೆ. ನಿಜ ಹೇಳಿದರೆ ಬಸ್ಸು ಸಿಕ್ಕೀತು, ಈ ಹೆಗಲ ಮೇಲಿನ ಕೈ ಹೋಗುತ್ತದೆ. ರಾಯರಿಗೆ ಅಳು ಬಂದಂತಾಯಿತು. ಆದರೆ ಇನ್ನೂರ ಎಂಬತ್ತಾರು ನಿಲ್ದಾಣಗಳನ್ನು ಯಾವುದೋ ಯಂತ್ರ ಹೇಳುವುದನ್ನು, ತಾವು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕೇಳುವುದನ್ನು ನೆನೆಸಿಕೊಂಡರು. ಬಾಯಿ ತೆರೆದರು.

"ಎಲ್ಲರಿಗೂ ನಮಸ್ಕಾರ."

ಮೂರು ದಿನ ಬೀಗ ಹಾಕಿಟ್ಟಿದ್ದ ದನಿ! ಅಂಗಳದ ಮೂಲೆಮೂಲೆಗೂ ತಿಳಿಯಾಗಿ, ತಣ್ಣಗೆ ಹೋಗಿ ತಲುಪಿತು. ಮರದ ಕೆಳಗಿದ್ದವರು ಹಾಗೇ ಕೂತುಬಿಟ್ಟರು.

"ನಾನು ಧರಣಿ ಮಾಡಲಿಲ್ಲ. ಜಿರಳೆ ಪಾತ್ರ ಮಾಡಿ ನನ್ನ ಗಂಟಲು ಕೆಟ್ಟಿತ್ತು. ಮೂರು ದಿನ ಮಾತಾಡಬೇಡಿ ಅಂತ ಡಾಕ್ಟರು ಹೇಳಿದ್ರು, ಮಾತಾಡಲಿಲ್ಲ. ಅಷ್ಟೇ. ಹನ್ನೊಂದಕ್ಕೆ ನನಗೆ ರೆಕಾರ್ಡಿಂಗ್ ಇದೆ. ಮೂರು ಗಂಟೆ ಸದ್ದು ಮಾಡಬೇಡಿ ಅಂತ ಕೇಳ್ಕೊಳ್ತೀನಿ."

ಜನ ಚಪ್ಪಾಳೆ ತಟ್ಟಿದರು. ದನಿ ಮೊದಲು ತಲುಪಿತ್ತು, ಅರ್ಥ ಸ್ವಲ್ಪ ತಡವಾಗಿ ಬಂತು. ಬಂದ ಮೇಲೆ ಚಪ್ಪಾಳೆ ಒಂದೊಂದಾಗಿ ನಿಂತಿತು.

"ಮತ್ತೆ ಕತ್ತು ಕೊಯ್ದರೂ ಸರಿ ಅಂದ್ರಲ್ಲ?" ಎಂದರು ಹೆಡ್‌ಮೇಡಂ, ಸಣ್ಣ ದನಿಯಲ್ಲಿ.

"ಅದು ಗಂಟಲು ತೋರಿಸಿದ್ದು ಮೇಡಂ."

"ಹಾಗಾದ್ರೆ ನಮ್ಮ ನೀರು?" ಎಂದಿತು ಪಕ್ಕದ ಕಟ್ಟಡ.

"ಧರಣಿ ಅಂತ ಬರೆದಾಗಿದೆ ಸಾರ್" ಎಂದರು ಗುಮಾಸ್ತರು. "ಅಲ್ಲ ಅನ್ನೋಕೆ ಬೇರೆ ನಮೂನೆ ಬರುತ್ತೆ. ಅದು ನಮ್ಮ ಕಚೇರಿಯಲ್ಲಿ ಮುಗಿದುಹೋಗಿದೆ."

ಮಾವನವರು ಫಲಕವನ್ನು ನಿಧಾನವಾಗಿ ಕೋಲಿಗೆ ಸುತ್ತತೊಡಗಿದರು. ಅದನ್ನು ನೋಡಲಾಗದೆ ರಾಯರು ಮುಖ ತಿರುಗಿಸಿದರು. ಅವರಿಗೆ ನಿಜವಾಗಿಯೂ ಸಂಕಟವಾಯಿತು. ಅಧ್ಯಕ್ಷರಿಗೆ ಹೋದ ಜೀವ ಬಂದಿತ್ತು. ಒಪ್ಪಂದ ಪತ್ರವನ್ನು ಜೇಬಿಗೆ ತುರುಕಿ, "ಏ ಮೇಸ್ತ್ರಿ! ಎದ್ದೇಳಪ್ಪ, ಶುರು ಮಾಡು! ಎರಡು ದಿನ ಹಾಳಾಯ್ತು!" ಎಂದು ಕೂಗಿದರು.

ಮೇಸ್ತ್ರಿ ಮೆಟ್ಟಿಲಿಂದ ಎದ್ದ. ಕಿವಿಯ ಹತ್ತಿ ತೆಗೆದ. ಮೇಲೆ ಹತ್ತದೆ, ಡ್ರಿಲ್ಲನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ರಾಯರ ಹತ್ತಿರ ಬಂದ.

"ಸಾರ್, ನಿಮಗೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆ" ಎಂದರು ರಾಯರು.

"ಮೂರೇ ಗಂಟೆನಾ? ಹಾಗಾದ್ರೆ ನಾನು ನೆಲಕ್ಕೆ ಸಿಮೆಂಟು ಹಾಕ್ಕೊಳ್ತೀನಿ, ಅದಕ್ಕೇನೂ ಸದ್ದಿಲ್ಲ. ಮಧ್ಯಾಹ್ನ ಎರಡರ ಮೇಲೆ ಡ್ರಿಲ್ ಹಿಡೀತೀನಿ." ಅವನು ಅಧ್ಯಕ್ಷರ ಕಡೆ ತಿರುಗಿ, "ಆ ಕೆಲಸಾನೂ ಆಗ್ಲೇಬೇಕಲ್ಲ ಸಾಹೇಬ್ರೇ?" ಎಂದ. ಮೇಸ್ತ್ರಿ ಎರಡು ಹೆಜ್ಜೆ ಹೋದವನು ಮತ್ತೆ ತಿರುಗಿ ನಿಂತ. "ಅಲ್ಲ ಸಾರ್, ಒಂದು ತಿಂಗಳಿಂದ ನಿಮ್ಮ ತಲೆ ಮೇಲೇ ಇದ್ದೀನಲ್ಲ. ಬಂದು ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

ಅರವತ್ತು ಜನ ಹೋ ಎಂದು ನಕ್ಕರು. ಹೆಡ್‌ಮೇಡಂ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಾತನ್ನೇ ಮಾರಿ ಬದುಕುವ ರಾಯರು ಮೇಸ್ತ್ರಿಗೆ ಕೈ ಮುಗಿದರು. ಅವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಬೀರುವಿನ ಬಾಗಿಲು ಮುಚ್ಚಿತು. "ಮುಂದಿನ ನಿಲ್ದಾಣ, ಮಾರುಕಟ್ಟೆ. ಮುಂದಿನ ನಿಲ್ದಾಣ, ದೊಡ್ಡಾಸ್ಪತ್ರೆ." ಕಿವಿಯಲ್ಲಿ ನಿರ್ದೇಶಕಿ, "ಚೆನ್ನಾಗಿದೆ ಸಾರ್, ಮುಂದೆ" ಎನ್ನುತ್ತಿದ್ದರು. ನೂರು ದಾಟಿತು, ನೂರೈವತ್ತು ದಾಟಿತು. ಡ್ರಿಲ್ಲಿಲ್ಲ, ಜಯಕಾರವಿಲ್ಲ. ಬೆವರು ಸುರಿಯುತ್ತಿತ್ತು. ರಾಯರು ಇಷ್ಟು ಚೆನ್ನಾಗಿ ಯಾವತ್ತೂ ಓದಿರಲಿಲ್ಲ, ಅದು ಅವರಿಗೇ ಗೊತ್ತಾಗುತ್ತಿತ್ತು. ಇನ್ನೂರ ಹನ್ನೊಂದನೆಯ ನಿಲ್ದಾಣಕ್ಕೆ ನಿರ್ದೇಶಕಿ ತಡೆದರು.

"ಸಾರ್, ಒಂದು ನಿಮಿಷ. ಹಿಂದೆ ಏನೋ ಗರಗರ ಅಂತಿದೆ. ಯಾವುದಾದ್ರೂ ಮೆಷಿನ್ ಓಡ್ತಾ ಇದೆಯಾ?"

ರಾಯರು ಬಾಗಿಲು ಸರಿಸಿ ನೋಡಿದರು. ಬೀರುವಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು, ಸುತ್ತಿದ ಫಲಕದ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾವನವರು ಕೂತಿದ್ದರು. ಒಳಗೆ ಯಾರನ್ನೂ ಬಿಡಬಾರದೆಂದು ಕಾವಲಿಗೆ ಕೂತವರು, ಮನೆ ಅಷ್ಟು ನಿಶ್ಶಬ್ದವಾದ ಮೇಲೆ ನಿದ್ದೆ ತಡೆಯಲಾರದೆ ಗೊರಕೆ ಹೊಡೆಯುತ್ತಿದ್ದರು.

ಮಾವನನ್ನು ನಿದ್ದೆಯಿಂದ ಎಬ್ಬಿಸುವ ಧೈರ್ಯ ಆ ಮನೆಯಲ್ಲಿ ಯಾರೂ ಮಾಡಿದ್ದಿಲ್ಲ. ಗೊರಕೆಯ ನಡುವಿನ ಬಿಡುವಿನಲ್ಲಿ ಒಂದೊಂದು ಹೆಸರು ಓದಿ ಮುಗಿಸಬಹುದೇ ಎಂದು ರಾಯರು ಒಂದು ಕ್ಷಣ ಲೆಕ್ಕ ಹಾಕಿದರು. ಆಮೇಲೆ ಹೆಡ್‌ಫೋನನ್ನು ಕತ್ತಿಗೆ ಇಳಿಸಿ, ಮಾವನ ಭುಜ ಮುಟ್ಟಿದರು.

"ಮಾವ."

"ಹಾಂ? ಪೊಲೀಸರು ಬಂದ್ರಾ?"

"ಇಲ್ಲ ಮಾವ. ನಿಮ್ಮ ಗೊರಕೆ ಮೈಕಿಗೆ ಬರ್ತಾ ಇದೆ. ನೀವು ಆಚೆ ರೂಮಿಗೆ ಹೋಗಿ ಮಲಗಿ. ನನಗೆ ಕೆಲಸ ಇದೆ."

ಮಾವನವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆವರಿಗೆ ಅಂಟಿಕೊಂಡ ಅಂಗಿ, ಕಿವಿಯ ಮೇಲೆ ಕಂಬಳಿಯ ಎಳೆ, ಕೈಯಲ್ಲಿ ಇನ್ನೂ ಮುಗಿಯದ ಹಾಳೆಗಳು. ಅವರು ಎದ್ದರು. ಕುರ್ಚಿಯನ್ನು ಎಳೆಯಲಿಲ್ಲ, ಎರಡೂ ಕೈಯಿಂದ ಎತ್ತಿಕೊಂಡರು. ತುದಿಗಾಲಲ್ಲಿ ನಡೆದು ಹೊರಗೆ ಹೋಗಿ, ಚಿಲಕದ ಸದ್ದಾಗದಂತೆ ಬಾಗಿಲು ಎಳೆದುಕೊಂಡರು.

ರಾಯರು ಮತ್ತೆ ಬೀರು ಹೊಕ್ಕರು. "ಮುಂದಿನ ನಿಲ್ದಾಣ, ಹಳೇ ಸೇತುವೆ" ಎನ್ನುವಷ್ಟರಲ್ಲಿ ಹಜಾರದಲ್ಲಿ ಮಾವನವರ ಫೋನು ಬಡಿದುಕೊಂಡಿತು. ಮೂವತ್ತು ವರ್ಷ ಮಗ್ಗಗಳ ನಡುವೆ ಮಾತಾಡಿದವರ ಪಿಸುಮಾತು ಎಂದರೆ ಎರಡು ಗೋಡೆ ದಾಟಿ ಬರುವಂಥದ್ದು.

"ಆಮೇಲೆ ಮಾಡು! ಈಗ ಮಾತಾಡೋ ಹಾಗಿಲ್ಲ. ನಮ್ಮ ಅಳಿಯಂದಿರು ಕೆಲಸದಲ್ಲಿದ್ದಾರೆ!"

"ಸಾರ್, ಅದೂ ಬಂತು" ಎಂದು ನಿರ್ದೇಶಕಿ ನಕ್ಕರು. "ಅದನ್ನ ತೆಗೆದುಬಿಟ್ಟು ಇನ್ನೊಂದು ಸಲ ಓದಿ."

ರಾಯರು ತೆಗೆದರು. ಆ ತುಂಡನ್ನು ನಾಜೂಕಾಗಿ ಕತ್ತರಿಸಿ, ಬೇರೆ ಹೆಸರು ಕೊಟ್ಟು, ಅಳಿಸಿಹೋಗದಂತೆ ಎರಡು ಕಡೆ ಜೋಪಾನ ಮಾಡಿಟ್ಟರು. ಮುಖದ ಬೆವರು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಹಳೇ ಸೇತುವೆಯನ್ನು ಮತ್ತೊಮ್ಮೆ ಓದಿದರು.